ಮತ್ತೆ ತವಾಕ್ಕೇರಿದ ರೊಟ್ಟಿ

ಸಂತೆಯ ದಿನ ಹಿರೇಕೆರೂರಿನ ಕರಿಬಸಪ್ಪನ ಖಾನಾವಳಿಯಲ್ಲಿ ಮಧ್ಯಾಹ್ನ ಕೂರಲು ಜಾಗ ಸಿಗುವುದಿಲ್ಲ. ವಿದ್ಯಾಶ್ರೀ ಹನ್ನೆರಡಕ್ಕೆ ಕಾಲೇಜು ಮುಗಿಸಿ ನೇರವಾಗಿ ಅಲ್ಲಿಯ ಅಡುಗೆಮನೆಗೆ ಬರುತ್ತಿದ್ದಳು. ನಾಲ್ಕು ತಿಂಗಳಿನಿಂದ ಇದೇ ಕ್ರಮ. “ದುಡ್ಕೊಂಡು ಓದೂದಾದ್ರ ಓದು, ಇಲ್ಲಾಂದ್ರ ಮನ್ಯಾಗಿರು” ಎಂದು ಅಪ್ಪ ಹೇಳಿಬಿಟ್ಟಿದ್ದ. ಈ ಕೆಲಸ ಹೋದರೆ ಕಾಲೇಜೂ ಹೋದಂತೆಯೇ.

ಅಂದು ಹೊಸದಾಗಿ ಸೇರಿದ ಪಿಯುಸಿ ಹುಡುಗಿ ನೇತ್ರಾಳಿಗೆ ಕೆಲಸ ಕಲಿಸುವ ಹೊಣೆ ಅವಳದಾಗಿತ್ತು. ಗಿರಾಕಿಗಳು ಎದ್ದುಹೋದ ತಾಟುಗಳಲ್ಲಿ ಉಳಿದ ಖಡಕ್ ರೊಟ್ಟಿಗಳನ್ನು ಆರಿಸಿ, ಒಣ ಬಟ್ಟೆಯಿಂದ ಒರೆಸಿ, ತವಾದ ಮೇಲೆ ಮತ್ತೊಮ್ಮೆ ಬಿಸಿ ಮಾಡಿ ಬುಟ್ಟಿಗೆ ಹಾಕಬೇಕು. ಉಳಿದ ಶೇಂಗಾ ಚಟ್ನಿ ಮತ್ತೆ ಡಬ್ಬಿಗೆ.

ನೇತ್ರಾ ಒಂದು ರೊಟ್ಟಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು. ಯಾರೋ ಕಚ್ಚಿದ ಅಂಚು ಇನ್ನೂ ಒದ್ದೆಯಾಗಿತ್ತು. ಅದಕ್ಕೆ ಗುಟ್ಕಾದ ಕೆಂಪು ಹತ್ತಿತ್ತು.

“ಅಕ್ಕಾ, ಇದು?”

“ಅಷ್ಟ ಮುರ್ದು ಒಗಿ. ಉಳಿದದ್ದು ತವಾಕ್ಕ ಹಾಕು. ಬೆಂಕಿ ಮುಟ್ಟಿದ ಮ್ಯಾಲ ಎಂಜಲಾ ಎಲ್ಲಿ ಇರ್ತೈತಿ?”

“ಇದನ್ನ ನೀ ತಿಂತೀಯೇನು?”

ಬೆಂಕಿಯ ಆ ಮಾತು ಕರಿಬಸಪ್ಪನದು. ಮೊದಲ ದಿನ ಅದನ್ನು ಕೇಳಿ ವಿದ್ಯಾಶ್ರೀ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಿದ್ದಳು. ಎರಡನೆಯ ವಾರ ಮುಖ ತಿರುಗಿಸಿಕೊಂಡು ಮಾಡಿದಳು. ಮುಖ ತಿರುಗಿಸುವುದನ್ನೂ ಯಾವಾಗ ಬಿಟ್ಟಳೋ ನೆನಪಿಲ್ಲ. ಈಗ ಅದೇ ಮಾತು, ಅದೇ ಧಾಟಿಯಲ್ಲಿ ತನ್ನ ಬಾಯಿಂದಲೇ ಬಂದಿತ್ತು. ಆ ರೊಟ್ಟಿಗಿಂತ ಹೆಚ್ಚಾಗಿ ತನ್ನ ದನಿ ಕೇಳಿಯೇ ಅವಳಿಗೆ ಹೇಸಿಗೆಯಾಯಿತು.

“ದಾನವ್ವಜ್ಜಿಗೆ ಎರಡು ರೊಟ್ಟಿ!” ಹೊರಗಿನಿಂದ ಕರಿಬಸಪ್ಪ ಕೂಗಿದ. ಅಬಲೂರಿನಿಂದ ಸಂತೆಗೆ ಬಂದ ಮುದುಕಿ ತಾಟಿನ ಮುಂದೆ ಕೂತಿದ್ದಳು.

ಬುಟ್ಟಿ ಎತ್ತಿಕೊಂಡು ಹೊರಟ ವಿದ್ಯಾಶ್ರೀ ಬಾಗಿಲಲ್ಲಿ ನಿಂತಳು. ಹಿತ್ತಲಿಗೆ ತಿರುಗಿ, ಬುಟ್ಟಿಯಲ್ಲಿದ್ದದ್ದನ್ನೆಲ್ಲ ಎಮ್ಮೆಯ ಕಲಗಚ್ಚಿಗೆ ಸುರಿದಳು. ಒಳಗಿನ ಡಬ್ಬಿ ತಂದು ಚಟ್ನಿಯನ್ನೂ ಸುರಿದಳು.

“ಏ ಹುಡುಗಿ, ತಲಿಗಿಲಿ ಕೆಟ್ಟೈತೇನ?” ಕರಿಬಸಪ್ಪ ಒಳಗೆ ಧಾವಿಸಿದ. “ಅನ್ನ ಚೆಲ್ತೀಯಲ್ಲ! ಹತ್ತು ವರ್ಷದಿಂದ ಹಿಂಗ ನಡದೈತಿ, ಯಾರರ ಸತ್ತಾರೇನು? ಜ್ವಾಳಾ ಬೆಳದವನ್ನ ಕೇಳು, ರೊಟ್ಟಿ ಕಿಮ್ಮತ್ತು ಹೇಳ್ತಾನ.”

“ಚೆಲ್ಲಬಾರದು, ಖರೆ ಕಾಕಾರ. ಹಂಗಂತ ಒಬ್ಬರ ಎಂಜಲಾ ಇನ್ನೊಬ್ಬರಿಗೆ ಹಾಕೂದೇನ್ರಿ? ಮೊದಲ ಒಂದ ರೊಟ್ಟಿ ಕೊಡೋಣ್ರಿ. ಕೇಳಿದ್ರ ಮತ್ತ ಕೊಡೋಣು.”

“ತಾಟು ತುಂಬಿ ಕಾಣದಿದ್ರ ಗಿರಾಕಿ ಮುಂದಿನ ಖಾನಾವಳಿಗೆ ಹೊಕ್ಕಾನ. ನಿನಗೇನ್ ಗೊತ್ತು ಧಂದೆ? ನಾಳಿಂದ ಬರಬ್ಯಾಡ!”

ಮಾಡಿದ್ದು ಸರಿಯೋ ತಪ್ಪೋ, ಅಪ್ಪನಿಗೆ ಏನು ಹೇಳುವುದೋ, ಅವಳಿಗೆ ಒಂದೂ ತಿಳಿಯಲಿಲ್ಲ.

“ಆಗಲ್ರಿ. ಇವತ್ತಿನ ಮಂದಿಗೆ ಹೊಸಾ ರೊಟ್ಟಿ ಬಡದು ಹೋಗ್ತೇನಿ.”

ಕರಿಬಸಪ್ಪ ಬಾಗಿಲಲ್ಲಿ ಕಾದು ನಿಂತ ಗಿರಾಕಿಗಳನ್ನು ನೋಡಿ ಹಿಟ್ಟಿನ ಡಬ್ಬಿಯತ್ತ ಕೈ ತೋರಿದ.

“ಅಜ್ಜೀ, ಒಂದೀಟು ತಡೀರಿ. ರೊಟ್ಟಿ ಬಡಿಯಾಕತ್ತೇನಿ.” ವಿದ್ಯಾಶ್ರೀ ಹೊರಗೆ ಕೂಗಿ ಹೇಳಿದಳು.

“ತಡೀತೇನಿ ಬಿಡವಾ. ನಮ್ಮೂರ ಬಸ್ಸು ಯಾವತ್ತರ ಹೊತ್ತಿಗೆ ಬಂದೈತೇನು!”

ನೇತ್ರಾ ಹಿಟ್ಟಿಗೆ ಕುದಿನೀರು ಸುರಿದಳು. ವಿದ್ಯಾಶ್ರೀ ಸೋಪು ಹಚ್ಚಿ ಕೈ ತೊಳೆದಳು. ಮೂಸಿ ನೋಡಿದಳು. ಮತ್ತೆ ತೊಳೆದಳು.