ಕೈಮಾತಿನ ಪೇಟೆ

ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಕೇಶವನ ಕಿವಿಗಳನ್ನು ಕಿತ್ತುಕೊಂಡು ಹೋಗಿತ್ತು; ಬಾಯಿಗೂ ಮಾತು ಬರಲಿಲ್ಲ. ಅಣ್ಣ ರಾಘವೇಂದ್ರ ಅಹಮದಾಬಾದಿನ ಹಳೇ ಪಟ್ಟಣದಲ್ಲಿ ಹೋಟೆಲಿಟ್ಟಾಗ, ಕುಂದಾಪುರದಿಂದ ತಮ್ಮನನ್ನೂ ಕರೆಸಿಕೊಂಡ. ಹಿಟ್ಟು ರುಬ್ಬುವುದು, ಹತ್ತಿರದ ಷೇರುಕಟ್ಟೆಗೆ ಚಹಾ ಒಯ್ಯುವುದು ಅವನ ಕೆಲಸ.

ಷೇರುಕಟ್ಟೆಯೊಳಗೆ ಮೊದಲ ಸಲ ಕಾಲಿಟ್ಟವನು ಚಹಾದ ಕೆಟಲ್ ಹಿಡಿದುಕೊಂಡು ನಿಂತೇಬಿಟ್ಟ. ವಹಿವಾಟಿನ ದೊಡ್ಡ ಹಾಲ್‌ನ ನಡುವೆ ಜನ ಒಬ್ಬರ ಮೇಲೊಬ್ಬರು ಬಿದ್ದು, ಕತ್ತಿನ ನರ ಉಬ್ಬುವಂತೆ ಕೂಗುತ್ತಿದ್ದರು. ಆ ಕೂಗಾಟದಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲವೇನೋ, ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಅಂಗೈ ಎದೆಯತ್ತ ತಿರುಗಿದರೆ ಕೊಳ್ಳುತ್ತೇನೆ, ಹೊರಗೆ ತಿರುಗಿದರೆ ಮಾರುತ್ತೇನೆ, ಬೆರಳುಗಳಲ್ಲಿ ದರ. ಜಗತ್ತಿನಲ್ಲಿ ಇಂಥ ಜಾಗವೂ ಇದೆಯೆಂದು ಕೇಶವನಿಗೆ ಯಾರೂ ಹೇಳಿರಲಿಲ್ಲ.

ದಿನಾ ಅಲ್ಲೇ ನಿಂತು ನೋಡುತ್ತಿದ್ದ ಅವನನ್ನು ದಲ್ಲಾಳಿ ನವೀನ್‌ಭಾಯಿ ಗಮನಿಸಿದರು. "ಈ ಗಲಾಟೆಯಲ್ಲಿ ನಮ್ಮವರಿಗೆಲ್ಲ ತಲೆ ಕೆಡುತ್ತದೆ. ನಿನ್ನ ತಮ್ಮನಿಗೆ ಆ ಕಷ್ಟವೇ ಇಲ್ಲ. ನನ್ನ ಹತ್ತಿರ ಬಿಡು" ಎಂದು ರಾಘವೇಂದ್ರನನ್ನು ಕೇಳಿದರು. ಹಾಲ್‌ನ ಆ ತುದಿಯ ಬೆರಳನ್ನು ಈ ತುದಿಯಿಂದಲೇ ಓದುತ್ತಿದ್ದ ಕೇಶವ ಬೇಗನೆ ಅವರ ಬಲಗೈಯಾದ. ಅವನ ಬದುಕಿನ ಒಳ್ಳೆಯ ವರ್ಷಗಳು ಅವು.

ತೊಂಬತ್ತರ ದಶಕದ ನಡುವಿನಲ್ಲಿ ಕಂಪ್ಯೂಟರ್ ಬಂತು. ವಹಿವಾಟಿನ ಹಾಲ್ ಬರಿದಾಯಿತು. ದಲ್ಲಾಳಿಗಳು ತಂತಮ್ಮ ಕೋಣೆ ಸೇರಿ, ಕಿವಿಗೆ ಫೋನ್ ಸಿಕ್ಕಿಸಿಕೊಂಡು ಗಾಜಿನ ಪರದೆಗೆ ಮುಖ ಮಾಡಿ ಕೂತರು. ನವೀನ್‌ಭಾಯಿ ಕೇಶವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ಅವನು ಅವರ ತುಟಿ ನೋಡಲಿಲ್ಲ. ನೋಡದೆಯೂ ಅರ್ಥವಾಗಿತ್ತು. ಮತ್ತೆ ಹೋಟೆಲಿನ ಹಿಟ್ಟಿಗೆ ಬಂದವನು ಮುಂದೆಂದೂ ಪೇಟೆಯ ಸುದ್ದಿ ತೆಗೆಯಲಿಲ್ಲ.

ಹೋಟೆಲು ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಗೆ ಬಂತು, ಸುತ್ತ ಫ್ಲ್ಯಾಟುಗಳೆದ್ದವು, ಕೇಶವನಿಗೆ ಅರವತ್ತಾಯಿತು. ಭಾನುವಾರದ ಸಂಜೆ ಅಲ್ಲಿಗೆ ಕಿವಿ ಕೇಳದ ಯುವಕ ಯುವತಿಯರ ಗುಂಪೊಂದು ದೋಸೆಗೆ ಬರುತ್ತಿತ್ತು. ಅವರಲ್ಲಿ ಪ್ರೇರಣಾ ಎಂಬವಳು ಹುಬ್ಬಳ್ಳಿ ಕಡೆಯವರ ಮಗಳು, ಬೆಳೆದದ್ದು ಇಲ್ಲೇ. ಕನ್ನಡ ಓದಲು ಬಾರದು, ಆದರೆ ಸನ್ನೆ ಚುರುಕು. ಕೇಶವನೊಡನೆ ಅವಳಿಗೆ ಬೇಗ ಸಲಿಗೆಯಾಯಿತು.

ಒಂದು ಸಂಜೆ ದೋಸೆ ಆರಿಹೋದರೂ ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ಏನೆಂದು ಕೇಶವ ಸನ್ನೆಯಲ್ಲಿ ಕೇಳಿದ.

"ಷೇರು. ಮೊಬೈಲಿನ ಒಂದು ಗುಂಪಿನವರು ಹೇಳಿದ್ದನ್ನೆಲ್ಲ ಕೊಂಡೆ, ಬರೀ ನಷ್ಟ" ಎಂದವು ಅವಳ ಕೈಗಳು. "ಕಲಿಯೋಣವೆಂದರೆ ಪಾಠದ ವಿಡಿಯೋಗಳಲ್ಲಿ ಎಲ್ಲರೂ ಬಾಯಿ ಆಡಿಸುತ್ತಾರೆ. ಕೆಳಗೆ ಬರುವ ಅಕ್ಷರ ಅರ್ಧ ತಪ್ಪು."

ಕೇಶವ ಬಗ್ಗಿ ಪರದೆ ನೋಡಿದ. ಎಡಕ್ಕೊಂದು ಸಾಲು ಅಂಕಿ, ಬಲಕ್ಕೊಂದು ಸಾಲು, ಎರಡೂ ಮಿಡುಕುತ್ತಿದ್ದವು. ನೋಡುತ್ತ ನೋಡುತ್ತ ಅವನಿಗೆ ಗುರುತು ಹತ್ತಿತು. ಎಡಗಡೆಯವರು ಕೊಳ್ಳಲು ನಿಂತವರು, ಬಲಗಡೆಯವರು ಮಾರಲು ನಿಂತವರು. ಸತ್ತೇಹೋಯಿತೆಂದು ಅವನು ಬಿಟ್ಟುಬಂದಿದ್ದ ಆ ಹಾಲ್ ಈ ಹುಡುಗಿಯ ಅಂಗೈಯಲ್ಲಿತ್ತು.

"ಇದು ನನಗೆ ಗೊತ್ತು. ಏಳಿ ಎಲ್ಲರೂ" ಎಂದು ಸನ್ನೆ ಮಾಡಿದ.

ಮೇಜುಗಳನ್ನು ಸರಿಸಿ ಅರ್ಧ ಜನರನ್ನು ಆ ಕಡೆ, ಅರ್ಧ ಜನರನ್ನು ಈ ಕಡೆ ನಿಲ್ಲಿಸಿ, ನಡುವೆ ಚಟ್ನಿ ಬಟ್ಟಲೊಂದನ್ನು ಮಾರಾಟಕ್ಕಿಟ್ಟ. ಕೈಗಳು ಎದ್ದವು, ದರ ಏರಿತು, ಇಳಿಯಿತು. ಕೊಳ್ಳುವವರು ಹೆಚ್ಚಾದಾಗ ಏನಾಗುತ್ತದೆ, ಎಲ್ಲರೂ ಒಟ್ಟಿಗೆ ಮಾರಹೊರಟರೆ ಏನಾಗುತ್ತದೆ ಎಂಬುದು ಅವರ ಕಣ್ಣೆದುರೇ ನಡೆಯಿತು.

"ಎಂತ ಮಾರಾಯ ಇದು, ಗಿರಾಕಿಗಳು ಕೂತ್ಕೊಳ್ಳೂದು ಎಲ್ಲಿ?" ಎಂದು ರಾಘವೇಂದ್ರ ಗಲ್ಲಾ ಬಿಟ್ಟು ಎದ್ದು ಬಂದ. ತಮ್ಮನ ಮುಖ ಕಂಡವನು ತಾನೇ ಒಂದು ಕುರ್ಚಿ ಎತ್ತಿ ಪಕ್ಕಕ್ಕಿಟ್ಟ.

"ನಾವು ಎದುರಿನವನ ಮುಖ ನೋಡುತ್ತಿದ್ದೆವು, ನಿನಗೆ ಅದು ಕಾಣುವುದಿಲ್ಲ" ಎಂದು ಕೇಶವ ಪ್ರೇರಣಾಗೆ ಹೇಳಿದ. "ಅದಕ್ಕೇ ಕೊಳ್ಳುವ ಗುಂಡಿ ಒತ್ತುವ ಮೊದಲು ಕೇಳಿಕೋ, ಇವನು ಇದನ್ನು ಯಾಕೆ ಮಾರುತ್ತಿದ್ದಾನೆ?"

ಅವಳು ಮೊಬೈಲ್ ತೆಗೆದು, ಷೇರು ಸೂಚಿಸುತ್ತಿದ್ದ ಆ ಗುಂಪಿನಿಂದ ಅಲ್ಲೇ ಹೊರಬಂದಳು. ಆಮೇಲೆ, "ನಿಮ್ಮ ಹತ್ತಿರ ಯಾವ ಷೇರುಗಳಿವೆ ಅಂಕಲ್?" ಎಂದು ಕೇಳಿದಳು.

"ಒಂದೂ ಇಲ್ಲ. ನಾನು ಯಾವಾಗಲೂ ಇನ್ನೊಬ್ಬರ ಕೈಯಾಗಿದ್ದೆ."

ಅವನ ಹೆಸರಲ್ಲಿ ಷೇರು ಖಾತೆ ತೆರೆಯಿಸದೆ ಬಿಡುವುದಿಲ್ಲವೆಂದು ಅವಳು ಹಟ ಹಿಡಿದಳು. ಎಲ್ಲ ಸರಿಹೋಗಿ, ಕೊನೆಗೆ ಷೇರು ದಲ್ಲಾಳಿ ಕಂಪನಿಯ ಆ್ಯಪ್ ಅವನ ಮುಖಕ್ಕೆ ಕ್ಯಾಮೆರಾ ತಿರುಗಿಸಿ, ಪರದೆಯ ಮೇಲಿನ ಅಂಕಿಗಳನ್ನು ಗಟ್ಟಿಯಾಗಿ ಓದಲು ಹೇಳಿತು. ಕೇಶವನ ಬಾಯಿಂದ ಅಂಕಿ ಹೊರಡುವಂತಿರಲಿಲ್ಲ. ಅರ್ಜಿ ತಿರಸ್ಕೃತವಾಯಿತು. ಇನ್ನೊಮ್ಮೆ ಹಾಕಿದರೂ ಅದೇ.

"ಬಿಡು. ಅಲ್ಲಿ ಬಾಯಿದ್ದವರಿಗೆ ಮಾತ್ರ ಜಾಗ" ಎಂದ.

ಪ್ರೇರಣಾ ಬಿಡಲಿಲ್ಲ. ಮಾತು ಬಾರದವರು ಖಾತೆ ತೆರೆಯುವುದು ಹೇಗೆಂದು ಕಂಪನಿಗೆ ಬರೆದಳು. ಉತ್ತರ ಬಾರದಿದ್ದಾಗ ಗೆಳೆಯರಿಂದಲೂ ಬರೆಸಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿಯಿಂದ ವಿಡಿಯೋ ಕರೆ ಬಂತು. ಆ ಕಡೆ ಕೂತಿದ್ದ ರಶ್ಮಿ ಎಂಬ ಉದ್ಯೋಗಿ, ಅಂಕಿಗಳನ್ನು ಬೆರಳಲ್ಲಿ ತೋರಿಸಿದರೆ ಸಾಕೆಂದು ಟೈಪು ಮಾಡಿದಳು. ಕೇಶವ ಅಂಗಿಯ ತೋಳು ಮಡಚಿ ಒಂದೊಂದಾಗಿ ತೋರಿಸಿದ. ಇನ್ನು ಮುಂದೆ ಇಂಥವರೆಲ್ಲರಿಗೂ ಹೀಗೇ ಮಾಡುತ್ತೇವೆ, ತಡವಾದದ್ದಕ್ಕೆ ಕ್ಷಮಿಸಿ ಎಂದು ಅವಳು ಬರೆದದ್ದನ್ನು ಪ್ರೇರಣಾ ಎಲ್ಲರಿಗೂ ತೋರಿಸಿದಳು.

ಚಟ್ನಿ ಬಟ್ಟಲಿನ ಆಟ ಪ್ರತಿ ಭಾನುವಾರದ ಪಾಠವಾಯಿತು; ಪ್ರೇರಣಾ ಮೊಬೈಲಿನಲ್ಲಿ ಹಿಡಿದ ಅದರ ವಿಡಿಯೋಗಳು ಊರೂರು ಸುತ್ತಿದವು. ಸೂರತ್ತಿನಲ್ಲಿ ವಜ್ರ ಉಜ್ಜುವ ಕಿವುಡ ಕೆಲಸಗಾರರ ಸಂಘದವರು ಕೇಶವನನ್ನು ಕರೆದರು. ಅವನು ಹಿಂದೆಮುಂದೆ ನೋಡುತ್ತಿದ್ದಾಗ ರಾಘವೇಂದ್ರ ಬುತ್ತಿ ಕಟ್ಟಿ ಕೈಗಿಟ್ಟ. "ಹಿಟ್ಟಿನ ಕೆಲಸ ನಾನು ನೋಡ್ಕೊಳ್ತೇನೆ. ನೀನು ಹೋಗಿ ಬಾ" ಎಂದ, ತಮ್ಮನಿಗೆ ತುಟಿ ಕಾಣುವಂತೆ ನಿಧಾನವಾಗಿ.

ಸೂರತ್ತಿನ ಸಂಘದ ಕೋಣೆ ತುಂಬಿಹೋಗಿತ್ತು. ಪಾಠ ನಡುವಿಗೆ ಬಂದಾಗ ಕಿಟಕಿಯ ಬಳಿಯಿದ್ದ ಯುವಕನೊಬ್ಬ ಎದ್ದು ನಿಂತು, "ನಾವು ಒಂದು ಹರಳಿನ ಮುಂದೆ ಇಡೀ ದಿನ ಕೂರುವವರು. ಇಷ್ಟು ವೇಗದ ಪೇಟೆ ನಮಗೆ ಒಗ್ಗುತ್ತದೆಯೇ?" ಎಂದು ಕೇಳಿದ.

ಕೇಶವ ನಕ್ಕ. "ಒಳ್ಳೆಯ ಕಂಪನಿ ಹುಡುಕಿ, ಅದರ ಷೇರು ಕೊಂಡು ಇಟ್ಟುಕೊಳ್ಳುವವನಿಗೆ ಅವಸರವೇ ಬೇಕಿಲ್ಲ. ನೀವು ಕೂರಬಲ್ಲವರು. ಅದು ನನಗೇ ಬರುತ್ತಿರಲಿಲ್ಲ."

ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಮುಂದಿನ ತಿಂಗಳು ವಡೋದರಾದವರು ಕರೆಯುತ್ತಿದ್ದಾರೆ ಎಂದು ಪ್ರೇರಣಾ ಬಾಗಿಲ ಬಳಿಯಿಂದಲೇ ಸನ್ನೆ ಮಾಡಿದಳು. ಬರುತ್ತೇನೆಂದು ಹೇಳು ಎಂದು ಕೇಶವ ಅವಳಿಗೆ ಉತ್ತರಿಸಿ, ಮುಂದಿನ ಪ್ರಶ್ನೆಗೆ ತಿರುಗಿದ.