ಕಳೆದುಕೊಂಡವರ ಪಟ್ಟಿ

"ನಿನ್ನೆ ಆಟದಲ್ಲಿ ಚೆನ್ನಾಗಿ ಅತ್ರಿ ದಾದಾ," ಎಂದಳು ಬಾಗಿಲಲ್ಲಿ ನಿಂತ ಹೆಂಗಸು. "ನಮ್ಮನೆಯವರಿಗೆ ಹಾಗೆ ಅಳೋಕೂ ಬರ್ತಿರಲಿಲ್ಲ."

ತಂಡ ಇಳಿದುಕೊಂಡಿದ್ದ ಶಾಲೆಯ ಕೊಠಡಿಯಲ್ಲಿ ಚಾಪೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ ಪರಿತೋಷ್ ಹಾಲ್ದಾರ್ ಕೈಮುಗಿದ. ಮುಳುಗಿದ ಚಿಟ್ ಫಂಡಿನಲ್ಲಿ ಪಿಂಚಣಿ ಕಳೆದುಕೊಂಡ ಮೇಷ್ಟರ ಪಾತ್ರ ಅವನದು. ಚಿತ್‌ಪುರದ ಜಾತ್ರಾ ಬಯಲಾಟದ ತಂಡಗಳೆಲ್ಲ ಈ ವರ್ಷ ಪುರಾಣ ಬಿಟ್ಟು ಫಂಡುಗಳ ಕಥೆಗೇ ಬಿದ್ದಿದ್ದವು. ಮೇದಿನಿಪುರದ ಕಡೆ ಮೈದಾನ ತುಂಬುತ್ತಿತ್ತು. ದುಡ್ಡು ಕಳೆದುಕೊಂಡವರೇ ಟಿಕೆಟಿಗೆ ದುಡ್ಡು ಕೊಟ್ಟು ಬಂದು ಅಳುತ್ತಿದ್ದರು.

"ನಾನು ಕುಂತಲಾ ಮಾಜಿ. ಏಳು ವರ್ಷದ ಹಿಂದೆ ಇದೇ ಊರಲ್ಲಿ, ಆಟದ ನಡುವೆ, ನೀವು ಫಂಡಿನವರ ಹಾರ ಹಾಕ್ಕೊಂಡು ಮೈಕಲ್ಲಿ ಹೇಳಿದ್ರಿ. ಮಗಳ ಮದುವೆ ದುಡ್ಡನ್ನೆಲ್ಲ ಈ ಫಂಡಿನಲ್ಲೇ ಇಟ್ಟಿದ್ದೀನಿ ಅಂತ. ಜ್ಞಾಪಕ ಇದೆಯಾ?"

ಅವನು ಮಂಡಕ್ಕಿಯನ್ನು ಪಕ್ಕಕ್ಕೆ ಸರಿಸಿದ.

"ಅದನ್ನ ಕೇಳೇ ನಮ್ಮನೆಯವರು ಏಜೆಂಟ್ ಆದ್ರು. ಓಣಿಯವರ ಕೈಲೆಲ್ಲ ದುಡ್ಡು ಕಟ್ಟಿಸಿದ್ರು. ಮುಳುಗಿದ ಮೇಲೆ ಜನ ಬಾಗಿಲಿಗೆ ಬಂದು ನಿಮ್ಮನ್ನೂ ಸೇರಿಸಿ ಬೈತಿದ್ರು. ಇವರು ಮಾತ್ರ, ಪರಿತೋಷ್ ದಾದಾನ ಏನೂ ಅನ್ನಬೇಡಿ, ಪಾಪ, ಅವರದೂ ಹೋಗಿದೆ ಅನ್ನೋರು. ವಿಷ ತಗೊಂಡ ದಿನವೂ ಅಂದ್ರು." ಅವಳು ಹೊಸ್ತಿಲಾಚೆಯೇ ಕುಕ್ಕರಿಸಿದಳು. "ನಿಮ್ಮದೂ ಹೋಯ್ತಲ್ವಾ?"

ಪರಿತೋಷನಿಗೆ ಮಗಳಿರಲಿಲ್ಲ. ಮದುವೆಯೇ ಆಗಿರಲಿಲ್ಲ. ಇಲ್ಲವೆಂದರೆ ಸತ್ತವನ ಮಾತು ಸುಳ್ಳಾಗುತ್ತಿತ್ತು. ಊರವರ ಕೈಯಲ್ಲಿ ತನಗೂ ಪೆಟ್ಟು ಬೀಳುತ್ತಿತ್ತು. ಎರಡರಲ್ಲಿ ಯಾವುದಕ್ಕೆ ಹೆದರಿದನೋ ಅವನಿಗೇ ತಿಳಿಯಲಿಲ್ಲ.

"ಹೋಯ್ತು ದೀದಿ," ಎಂದ. ದನಿ ಆಟದ ಮೇಷ್ಟರದೇ ಆಗಿತ್ತು.

ಅವಳ ಕಣ್ಣು ತುಂಬಿತು. ತನ್ನದಕ್ಕಲ್ಲ, ಅವನದಕ್ಕೆ. ಸೆರಗಿನಿಂದ ಮೂಗೊರೆಸಿಕೊಂಡು ಚೀಲದಿಂದ ಕಾಗದದ ಕಟ್ಟು ತೆಗೆದಳು.

"ಕಳೆದುಕೊಂಡವರೆಲ್ಲ ಸೇರಿ ಕೋರ್ಟಿಗೆ ಅರ್ಜಿ ಹಾಕ್ತಿದ್ದೀವಿ. ನಮ್ಮಂಥವರ ಹೆಸರು ಯಾರು ಓದ್ತಾರೆ? ನಿಮ್ಮದೊಂದಿದ್ರೆ ಓದ್ತಾರೆ."

ಹೊರಗೆ ತಂಡದವರು ಬಸ್ಸಿನ ಮೇಲೆ ಪೆಟ್ಟಿಗೆಗಳನ್ನು ಏರಿಸುತ್ತಿದ್ದರು. ಯಾರಾದರೂ ತನ್ನನ್ನು ಕೂಗಬಾರದೇ ಎಂದು ಕಾದ. ಯಾರೂ ಕೂಗಲಿಲ್ಲ. ಮಂಡಕ್ಕಿಯ ಎಣ್ಣೆಗೈಯನ್ನು ಪಂಚೆಗೆ ಒರೆಸಿ, ಅಭಿಮಾನಿಗಳಿಗೆ ಹಾಕಿಕೊಡುವ ಬಳುಕಿನ ಸಹಿಯನ್ನೇ ಹಾಕಿದ.

"ಎಷ್ಟು ಅಂತಲೂ ಬರೀರಿ ದಾದಾ. ಇಲ್ಲಿ, ಈ ಚೌಕದಲ್ಲಿ."

ಪೆನ್ನು ನಿಂತಿತು. ಆಮೇಲೆ ನಲವತ್ತು ಸಾವಿರ ಎಂದು ಬರೆದ. ಅಂದು ಮೈಕಿನಲ್ಲಿ ಆ ಮಾತು ಹೇಳಿದ್ದಕ್ಕೆ ಫಂಡಿನವರು ಅವನಿಗೆ ಕೊಟ್ಟಿದ್ದು ಅಷ್ಟು.

"ನಿಮ್ಮ ದುಡ್ಡು ಬರುತ್ತೆ ಬಿಡಿ, ಯೋಚನೆ ಮಾಡಬೇಡಿ," ಎಂದು ಕುಂತಲಾ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಶಾಯಿ ಹರಡದಂತೆ ಮೆಲ್ಲಗೆ ಊದತೊಡಗಿದಳು.