ಕ್ಯಾರಿಯರ್ ಮೇಲೆ ಪುರಂದರ

ಸೀರೆ ಆರಿಸುವುದರಲ್ಲಿ ಪುರಂದರನನ್ನು ಮೀರಿಸುವವರಿರಲಿಲ್ಲ. ಕೊಯಮತ್ತೂರಿನ ದೊಡ್ಡ ಬಜಾರಿನಲ್ಲಿ ಜವಳಿ ಅಂಗಡಿಯ ಕೆಲಸ; ಅಂಚನ್ನು ಹೆಬ್ಬೆರಳಿನಿಂದ ಸವರಿದರೆ ಸಾಕು, ನೂಲಿನ ಜಾತಕವನ್ನೇ ಹೇಳಿಬಿಡುತ್ತಿದ್ದ. ಆದರೆ ಆ ದಿನ ಅವನು ಕೊಳ್ಳಲು ಹೊರಟದ್ದು ಸೈಕಲ್ಲು. ಅಲ್ಲೇ ಬಂತು ನೋಡಿ ಫಜೀತಿ.

ಸೈಕಲ್ಲು ಬೇಕಾದದ್ದು ಹೆಂಡತಿ ಜಾನಮ್ಮನನ್ನು ತವರಿಗೆ ಕರೆದೊಯ್ಯಲು. ಅವಳ ತವರು ದಿಂಬಂ ಘಾಟಿಯ ಆಚೆ, ತಾಳವಾಡಿ ಕಡೆಯ ಹಳ್ಳಿ. ಅವ್ವನ ಕಣ್ಣು ದಿನದಿನಕ್ಕೂ ಮಬ್ಬಾಗುತ್ತಿತ್ತು. "ಮುಖ ಕಾಣೋವಾಗಲೇ ಒಂದು ಸಲ ಬಂದು ಹೋಗಲಿ" ಎಂದು ರಾಗಿ ತಂದ ಬಂಡಿಯವನ ಕೈಲಿ ಹೇಳಿಕಳಿಸಿದ್ದಳು. ಬಸ್ಸೋ, ಜಾನಮ್ಮನಿಗೆ ಆಗಿಬರದು. ಹಿಂದಿನ ಸಲ ಅನ್ನೂರು ದಾಟುವುದರೊಳಗೆ ಕರುಳೇ ಬಾಯಿಗೆ ಬರುವಂತೆ ವಾಂತಿಯಾಗಿ, ಇಬ್ಬರೂ ಅರ್ಧ ದಾರಿಯಿಂದ ವಾಪಸ್ಸು ಬಂದಿದ್ದರು. ಹಾಗಾಗಿ ಸೈಕಲ್ಲೇ ಗತಿ. ಸತ್ಯಮಂಗಲದವರೆಗೆ ಟಾರು, ಆಮೇಲೆ ಜಲ್ಲಿ, ಘಾಟಿ, ಕೊನೆಗೆ ಹೊಲಗಳ ನಡುವಿನ ಬಂಡಿಜಾಡು. ಅಷ್ಟು ದೂರ ಕ್ಯಾರಿಯರ್ ಮೇಲೆ ಕೂರುವುದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ. ಗಂಡ ಮನಸ್ಸು ಬದಲಾಯಿಸಿಬಿಟ್ಟರೆ ಎಂಬುದೊಂದೇ ಭಯ.

ಚಿನ್ನಸಾಮಿಯ ಸೈಕಲ್ ಅಂಗಡಿ ಉಕ್ಕಡದ ಕೆರೆಯ ಹತ್ತಿರ. "ವಾಂಗೋ, ವಾಂಗೋ" ಎಂದು ಅವನು ಬರಮಾಡಿಕೊಂಡದ್ದೇ ತಡ, ಪುರಂದರನ ಕಣ್ಣು ಒಂದು ಹಸಿರು ಸೈಕಲ್ಲಿಗೆ ಅಂಟಿಕೊಂಡಿತು. ತೆಳ್ಳನೆಯ ಮೈ, ಸಣ್ಣ ಟಯರು, ಹೆಸರಿಗೊಂದು ಕ್ಯಾರಿಯರ್, ಉದ್ದಕ್ಕೂ ಚಿನ್ನದ ಬಣ್ಣದ ಗೆರೆ.

"ಅಂಚು ನೋಡೇ ಜಾನು! ಜರಿ ಎಳೆದಂಗೆ ಇಲ್ವಾ?"

ಜಾನಮ್ಮ ರೈತರ ಮಗಳು. ಅವಳು ಮೊದಲು ನೋಡಿದ್ದು ಕಾಲು, ಆಮೇಲೆ ಬೆನ್ನು. ಮೂಲೆಯಲ್ಲಿದ್ದ ದಪ್ಪ ಟಯರಿನ ಕರೀ ಸೈಕಲ್ಲಿನ ಕ್ಯಾರಿಯರನ್ನು ಅಂಗೈಯಿಂದ ಒತ್ತಿ ನೋಡಿದಳು.

"ಏನ್ರೀ, ಇದು ವಾಸಿ. ಗೊರಸು ಅಗಲ, ಬೆನ್ನೂ ಗಟ್ಟಿ."

"ಸೈಕಲ್ಲು ಎತ್ತಲ್ಲ ಕಣೇ!"

"ಸೀರೆನೂ ಅಲ್ವಲ್ಲ."

ಚಿನ್ನಸಾಮಿ ನಕ್ಕುಬಿಟ್ಟ. ಪುರಂದರನಿಗೆ ರೇಗಿತು. ಹಸಿರು ಸೈಕಲ್ಲನ್ನೇ ಹೊರಗೆ ತೆಗೆಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೆರೆ ಏರಿಯ ಕಡೆಗೆ ಒಂದು ಸುತ್ತು ಹೊರಟ.

ಟಾರಿನ ಮೇಲೆ ಸೈಕಲ್ಲು ಹಾರಿಕೊಂಡೇ ಹೋಯಿತು. "ಹೆಂಗೆ?" ಎಂದ ಪುರಂದರ, ಗೆದ್ದವನ ಗತ್ತಿನಲ್ಲಿ. ಏರಿಯ ಕಲ್ಲುದಾರಿ ಬಂತು. ಜಾನಮ್ಮನ ಬೆನ್ನುಮೂಳೆ ಒಂದೊಂದು ಕಲ್ಲನ್ನೂ ಮಾತಾಡಿಸಿತು. ಅವಳು ಹಲ್ಲು ಕಚ್ಚಿ ಕೂತಳು, ತುಟಿ ಪಿಟಕ್ಕೆನ್ನಲಿಲ್ಲ. ಮುಂದೆ ಮರಳು. ಸಣ್ಣ ಚಕ್ರ ಹೂತು, ಸರ್ರನೆ ತಿರುಗಿ, ಇಬ್ಬರನ್ನೂ ಕೆಡವಿತು.

ಪುರಂದರ ಎದ್ದವನೇ ಪಂಚೆಯ ತುದಿಯಿಂದ ಚಿನ್ನದ ಗೆರೆ ಒರೆಸತೊಡಗಿದ. ತಿರುಗಿ ನೋಡಿದರೆ ಜಾನಮ್ಮನ ಬಳೆ ಒಡೆದು ಮುಂಗೈಯಲ್ಲಿ ರಕ್ತ.

"ಅಯ್ಯೋ! ಹೇಳಬಾರದಾ?"

"ಏನೂ ಆಗಿಲ್ಲ, ಹೋಗೋಣ ನಡೀರಿ" ಎಂದು ಅವಳು ಗಡಬಡಿಸಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಗಂಡ ಇನ್ನು ಪ್ರಯಾಣವೇ ಬೇಡ ಅಂದುಬಿಟ್ಟರೆ?

ಅಂಗಡಿಗೆ ಬಂದ ಪುರಂದರ ಹಸಿರು ಸೈಕಲ್ಲಿನ ಕ್ಯಾರಿಯರನ್ನು ಅಂಗೈಯಿಂದ ಒತ್ತಿ ನೋಡಿದ. ಆಮೇಲೆ ಚಿನ್ನಸಾಮಿಗೆ ತಮಿಳಿನಲ್ಲಿ, "ನೀವು ತುಳೀರಿ. ನಾನು ಹಿಂದೆ ಕೂರ್ತೀನಿ" ಎಂದ. ಚಿನ್ನಸಾಮಿ ಬೆಪ್ಪಾದ. ಪುರಂದರ ಪಂಚೆ ಒತ್ತರಿಸಿಕೊಂಡು, ಹೆಂಗಸರು ಕೂರುವ ಹಾಗೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂತೇಬಿಟ್ಟ. ಟೀ ಅಂಗಡಿಯವರು "ಮದುಮಗಳು ಹೊರಟಳು!" ಎಂದು ಕೂಗಿ ನಕ್ಕರು. ಜಾನಮ್ಮನಿಗೆ ನಾಚಿಕೆಯೋ ನಾಚಿಕೆ. ಆದರೆ ಕಣ್ಣು ಕೀಳಲಾಗಲಿಲ್ಲ.

ಮೊದಲು ಹಸಿರು. ಏರಿಯಿಂದ ಮರಳಿ ಇಳಿದಾಗ ಅವನು ಸೊಂಟ ಹಿಡಿದುಕೊಂಡಿದ್ದ. ಆಮೇಲೆ ಕರಿಯದು. ಅದು ಗಜಗಮನ, ಆದರೆ ಮರಳಿನಲ್ಲೂ ನೆಟ್ಟಗೆ ನಡೆಯಿತು.

ಪುರಂದರ ಹೆಂಡತಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಇಷ್ಟು ನೋವಲ್ಲೂ ಯಾಕೆ ಬಾಯಿ ಬಿಡಲಿಲ್ಲ ನೀನು?"

"ಬಿಟ್ಟಿದ್ರೆ ಬೇಡ ಅಂತಿದ್ರಿ. ಅವ್ವ ಕಾಯ್ತಾ ಇದಾಳೆ."

ಅವನು ಕರೀ ಸೈಕಲ್ಲು ಕೊಂಡ. ಮನೆಗೆ ಬಂದು ತಾನು ಹೊದೆಯುತ್ತಿದ್ದ ಕೌದಿಯನ್ನೇ ಮಡಿಸಿ ಕ್ಯಾರಿಯರಿಗೆ ಬಿಗಿದ.

ಘಾಟಿಯಲ್ಲಿ ಇಳಿದು ತಳ್ಳಿದರು, ಅದರ ಮೇಲಿನ ಹಾಸನೂರಿನಲ್ಲಿ ತಂಗಿದರು. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಬಂಡಿಜಾಡಿನಲ್ಲಿ ಗಂಟೆ ಕೇಳಿ ಅವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅವಳ ಕೈಗೆ ಮೊದಲು ಸಿಕ್ಕದ್ದು ಕೌದಿ.

"ಯಾರೇ ಆರಿಸಿದ್ದು ಈ ಗಾಡೀನ?"

"ಇವರೇ ಅವ್ವ. ಹಿಂದೆ ಕೂತು ನೋಡಿ ಆರಿಸಿದ್ರು."

ಅವ್ವ ಮಗಳ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು. ಕಣ್ಣು ಕಿರಿದು ಮಾಡಿ, ಮುಖಕ್ಕೆ ಮುಖ ತಂದು, ಬಹಳ ಹೊತ್ತು ಹುಡುಕಿದಳು.

"ಮೂಗುಬೊಟ್ಟು ಹೊಸದಲ್ವೇನೇ?" ಎಂದಳು.

ಜಾನಮ್ಮ ಅತ್ತುಬಿಟ್ಟಳು. ಪುರಂದರ ಅತ್ತ ತಿರುಗಿ ಚಕ್ರದ ಮಣ್ಣು ಒರೆಸುತ್ತ ಕೂತ.